ನೀಲಾಬಳ ಏಟು ತಿಂದ ಟಾರ್ಪಾಲು

ನಾನು ಒಂದು ಲಾರಿಯ ಟಾರ್ಪಾಲು. ಹುಟ್ಟಿದ್ದು ದೂರದ ಯಾವುದೋ ಗಿರಣಿಯಲ್ಲಿ. ಲೋಕ ಕಂಡದ್ದು ಮಾತ್ರ ಕುಂದೂಜಿನಿಂದ ಕಾಬೂಲಿಗೆ ಬರುವ ಹಾದಿಯಲ್ಲಿ, ಕರ್ಬೂಜದ ರಾಶಿಯ ಮೇಲೆ ಮಲಗಿ. ಲಾರಿಯ ಯಜಮಾನ ಖೈರುದ್ದೀನ್ ಮೆದು ಮಾತಿನವನು. ಕಣಿವೆಯಲ್ಲಿ ಹಿಮ ಬಿದ್ದರೆ ಮೊದಲು ನನ್ನ ಅಂಚೆಳೆದು ಹಣ್ಣಿಗೆ ಹೊದಿಸುತ್ತಿದ್ದ, ಆಮೇಲೆ ತನ್ನ ಕಿವಿ ಮುಚ್ಚಿಕೊಳ್ಳುತ್ತಿದ್ದ.

ಬಿಸಿಲು, ಗಾಳಿ ತಿಂದು ನಾನು ಅಲ್ಲಲ್ಲಿ ಹರಿದೆ. ಎಸೆಯಲು ಹೊರಟ ಖೈರುದ್ದೀನನನ್ನು ಅವನ ತಾಯಿ ಸನೋಬರ್ ಬೀಬೀ ತಡೆದಳು. ಮೊಮ್ಮಗಳು ನೀಲಾಬ್ ಆಗ ಬಾಕ್ಸಿಂಗ್ ಕಲಿಯುತ್ತಿದ್ದಳು. ಅವರ ಬೀದಿಯಲ್ಲಿ ಯಾವ ಹುಡುಗಿಯೂ ಅದುವರೆಗೆ ಗುದ್ದಾಟದ ಕೈಗವಸು ತೊಟ್ಟವಳಲ್ಲ. ಮನೆಯಲ್ಲಿ ಅಭ್ಯಾಸಕ್ಕೆಂದು ಹಿಟ್ಟಿನ ಚೀಲಕ್ಕೆ ಮರಳು ತುಂಬಿ ಗುದ್ದಿ, ಮಣಿಕಟ್ಟು ಊದಿಸಿಕೊಂಡಿದ್ದಳು.

"ಮಣ್ಣಿಗೆ ಹೊಡೆದ್ರೆ ಮಣ್ಣು ತಿರುಗಿ ಹೊಡೆಯತ್ತೆ ಕಣೇ," ಎಂದಳು ಬೀಬೀ. "ಬಟ್ಟೆ ತುಂಬಿ ಹೊಲಿದು ಕೊಡ್ತೀನಿ ತಾಳು."

ದಬ್ಬಳ ಹಿಡಿದು ನನ್ನನ್ನು ಉದ್ದನೆಯ ಚೀಲವಾಗಿ ಹೊಲಿಯುವಾಗ ಅವಳ ಬಾಯಿ ಸುಮ್ಮನಿರಲಿಲ್ಲ. "ಮೂಗು ಮುರಿದ ಹುಡುಗೀನ ಯಾರು ಮದುವೆ ಆಗ್ತಾರೆ?" ಎನ್ನುವಳು. ಮತ್ತೆ, "ಈ ಕಡೆ ಇನ್ನೊಂದು ಹೊಲಿಗೆ ಹಾಕೋಣ, ಗಟ್ಟಿ ಇರಲಿ," ಎನ್ನುವಳು.

ನನ್ನ ಹೊಟ್ಟೆ ತುಂಬಿಸಲು ಅಕ್ಕಪಕ್ಕದ ಹೆಂಗಸರು ಹಳೆಯ ಬಟ್ಟೆ ತಂದುಕೊಟ್ಟರು. ಗೋಡೆಯಾಚೆಯ ಗುಲಂದಾಮ್ ಖಾಲಾ ತೀರಿಕೊಂಡ ಗಂಡನ ಕೋಟನ್ನೇ ಕೊಟ್ಟಳು. ಬೀಬೀ ನನ್ನ ಬಾಯಿಗೆ ಕಬ್ಬಿಣದ ಬಳೆ ಸಿಕ್ಕಿಸಿ ತೊಲೆಗೆ ತೂಗುಹಾಕಿದಳು. ಮೊದಲ ಗುದ್ದಿಗೇ ಒಳಗೇನೋ ಪಟಪಟನೆ ಮುರಿಯಿತು. ನೀಲಾಬ್ ತನ್ನ ಮೂಳೆಯೇ ಮುರಿಯಿತೆಂದು ಕೂಗಿಕೊಂಡಳು. ಬಿಚ್ಚಿ ನೋಡಿದರೆ ಕೋಟಿನ ಕಿಸೆಯಲ್ಲಿ ಅಕ್ರೋಟು!

ಗುಲಂದಾಮ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಬದುಕಿದ್ದಾಗ ಆ ಜಿಪುಣ ಒಂದು ಅಕ್ರೋಟೂ ಒಡೆದು ಕೊಟ್ಟವನಲ್ಲ. ನಿನ್ನ ಕೈ ದೆಸೆಯಿಂದ ಇವತ್ತು ತಿಂದೆ, ಮಗಳೇ," ಎಂದು ಅಲ್ಲೇ ಕೂತು ಎಲ್ಲರಿಗೂ ಹಂಚಿದಳು.

ಏಟು ತಿನ್ನುವುದೆಂದರೆ ನೋವೆಂದು ನೀವು ತಿಳಿದೀರಿ. ನೀಲಾಬ್ ಒಂದು ದಿನವೂ ಸಿಟ್ಟಿನಿಂದ ಹೊಡೆದವಳಲ್ಲ. ಅಭ್ಯಾಸ ಮುಗಿದರೆ ಎರಡೂ ತೋಳಲ್ಲಿ ನನ್ನನ್ನು ತಬ್ಬಿ ಉಸಿರು ಸುಧಾರಿಸಿಕೊಳ್ಳುವಳು. ಪರದೇಶದ ಪಂದ್ಯಕ್ಕೆ ಹೋಗಿ ಪದಕ ತಂದ ದಿನ ಅದನ್ನು ಮೊದಲು ಹಾಕಿದ್ದು ನನ್ನ ಕೊರಳಿಗೆ. ಊರಿನಲ್ಲಿ ಹೀಗೆ ಗೆದ್ದ ಮೊದಲ ಹುಡುಗಿ ಅವಳೇ ಎಂದು ರೇಡಿಯೋ ಹೇಳಿತು. ಯಾರೋ ಬಾಗಿಲಿಗೆ ಕಲ್ಲೆಸೆದರು. ಮಾರನೆಯ ದಿನದಿಂದ ಖೈರುದ್ದೀನ್ ಮಗಳನ್ನು ಲಾರಿಯಲ್ಲೇ ಕರೆದೊಯ್ದು ಕರೆತರತೊಡಗಿದ.

ಆಮೇಲೆ ದೇಶದ ಆಳ್ವಿಕೆ ಬದಲಾಯಿತು. ಹುಡುಗಿಯರು ಬಾಕ್ಸಿಂಗ್ ಕಲಿಯುತ್ತಿದ್ದ ಮನೆಗೆ ಬೀಗ ಬಿತ್ತು. ಗುದ್ದಾಡುತ್ತಿದ್ದ ಹುಡುಗಿಯರನ್ನು ಹುಡುಕುತ್ತಿದ್ದಾರೆಂದು ಸುದ್ದಿ ಬಂತು. ಬೀಬೀ ನನ್ನನ್ನು ತೊಲೆಯಿಂದಿಳಿಸಿ, ಅರ್ಧ ಬಟ್ಟೆ ತೆಗೆದು ಚಪ್ಪಟೆ ಮಾಡಿ, ಮೇಲೆ ಹೂವಿನ ಚೀಟಿ ಬಟ್ಟೆ ಹೊದಿಸಿ, ಗೋಡೆಗೊತ್ತಿ ಗಾದಿಯಾಗಿ ಹಾಸಿದಳು.

ಒಂದು ಬೆಳಗ್ಗೆ ಬಂದೂಕು ಹೊತ್ತವರು ಬಂದೇಬಿಟ್ಟರು. ನೀಲಾಬ್ ಗುಲಂದಾಮಳ ಮನೆಯ ಒಳಕೋಣೆಯಲ್ಲಿದ್ದಳು. ಮನೆ ತುಂಬ ಹುಡುಕಾಟ ನಡೆಯಿತು. ಬಂದವರು ಯಾರೇ ಆಗಲಿ, ಬಾಗಿಲಿಗೆ ದೂರದ ಗೌರವದ ಜಾಗದಲ್ಲಿ ಕೂರಿಸಿ ಚಹಾ ಕೊಡುವುದು ಬೀಬೀ ಬಲ್ಲ ರೀತಿ. ಅವರಲ್ಲಿ ಹಿರಿಯನೊಬ್ಬ, ನರೆತ ಗಡ್ಡದವನು, ನನ್ನ ಮೇಲೆ ಕೂತ.

"ಗಾದಿ ಬಹಳ ಗಟ್ಟಿ ಇದೆಯಲ್ಲ, ಅಮ್ಮ?"

"ಬಡವರ ಮನೆ, ಮಗನೇ. ಮೆತ್ತಗಿರೋದೆಲ್ಲ ಸವೆದು ಹೋಯ್ತು."

ಅವನು ಅಂಗೈಯಿಂದ ನನ್ನನ್ನು ಒತ್ತಿ ನೋಡಿದ. ಹೊದಿಕೆಯ ಅಂಚಿನಲ್ಲಿ ಕಬ್ಬಿಣದ ಬಳೆ ಇಣುಕುತ್ತಿತ್ತು. ಅವನ ಬೆರಳು ಅದನ್ನು ಮುಟ್ಟಿ ನಿಂತಿತು. ಬೀಬೀ ಅವನ ಲೋಟಕ್ಕೆ ಇನ್ನಷ್ಟು ಚಹಾ ಬಗ್ಗಿಸಿದಳು. ಅವನು ಹೊದಿಕೆಯನ್ನು ಮೆಲ್ಲಗೆ ಎಳೆದು ಬಳೆಯ ಮೇಲೆ ಮುಚ್ಚಿದ. ಚಹಾ ಪೂರ್ತಿ ಕುಡಿದ.

"ಇಲ್ಲೇನೂ ಇಲ್ಲ, ನಡೀರಿ," ಎಂದು ಜೊತೆಯವರನ್ನು ಹೊರಡಿಸಿದ. ಹೊಸ್ತಿಲಲ್ಲಿ ತಿರುಗಿ ಬೀಬೀಗೆ ಮಾತ್ರ ಕೇಳುವಂತೆ, "ಆ ಗಾದೀನ ಯಾರ ಕಣ್ಣಿಗೂ ಬೀಳಿಸಬೇಡಿ. ಮನೆಯ ಹುಡುಗಿಯನ್ನೂ ಕೂಡ," ಎಂದ. ಅವನ ಹೆಸರು ನಮಗೆ ತಿಳಿಯಲಿಲ್ಲ. ಬೀಬೀ ಇಂದಿಗೂ ನಮಾಜಿನಲ್ಲಿ 'ಆ ನರೆತ ಗಡ್ಡದವನು' ಎಂದೇ ಅವನಿಗಾಗಿ ಬೇಡುತ್ತಾಳೆ.

ಆ ವಾರವೇ ಖೈರುದ್ದೀನ್ ಮಗಳನ್ನು ಕರೆದುಕೊಂಡು ಗಡಿ ದಾಟಿದ. ಬೀಬೀ ಹೋಗಲೊಪ್ಪಲಿಲ್ಲ, ಮೊಣಕಾಲು ನಡೆಯದು ಎಂದಳು. ಹೊರಡುವ ಮುಂಚೆ ನೀಲಾಬ್ ನನ್ನ ಮೇಲೆ ಮುಖವಿಟ್ಟು ಅತ್ತಳು.

"ನಾನು ಮೊದಲನೆಯವಳು ಅಂತ ಎಲ್ಲರೂ ಹೊಗಳಿದ್ರು, ಬೀಬೀ. ಈಗ ಕೊನೆಯವಳೂ ನಾನೇ ಆಗಿಬಿಟ್ಟರೆ?"

ಬೀಬೀ ಅವಳ ಮುಖ ಒರೆಸಿ, ತಲೆಗೆ ಶಾಲು ಹೊದಿಸಿದಳು.

ಈಗ ನನಗೆ ಮುಪ್ಪು. ಮೂಲೆಯಲ್ಲಿ ಗೋಡೆಗೊರಗಿ ಕೂತಿದ್ದೇನೆ. ಹೊಲಿಗೆ ಕಲಿಯುವ ನೆಪದಲ್ಲಿ ನೆರೆಯ ಹುಡುಗಿಯರು ಮಧ್ಯಾಹ್ನ ಬರುತ್ತಾರೆ. ಗುಲಂದಾಮ್ ಬಾಗಿಲಲ್ಲಿ ಕಾವಲು ಕೂತು ನೂಲು ಸುತ್ತುತ್ತಾಳೆ. ಬೀಬೀ ಕಪಾಟಿನ ಮೇಲೆ ಫೋನು ನಿಲ್ಲಿಸುತ್ತಾಳೆ; ಅದರೊಳಗಿಂದ ನೀಲಾಬ್ ಕಾಲಿಡುವುದು ಹೇಗೆ, ಗಲ್ಲ ಕಾಯುವುದು ಹೇಗೆ ಎಂದು ಹೇಳಿಕೊಡುತ್ತಾಳೆ. ಹಣ್ಣಿಗೆ ನೆರಳಾದೆ, ಹುಡುಗಿಗೆ ಜೊತೆಯಾದೆ, ಬಂದವರಿಗೆ ಆಸನವಾದೆ. ಒಂದು ಹರಕು ಟಾರ್ಪಾಲಿಗೆ ಇಷ್ಟು ಬಾಳು ಕೊಟ್ಟ ಕೈಗಳೆಲ್ಲ ತಣ್ಣಗಿರಲಿ.

ಮೊನ್ನೆ ಜರ್ಘೂನಾ ಎಂಬ ಹೊಸ ಹುಡುಗಿ ಬಂದಳು. ಮುಷ್ಟಿ ಕಟ್ಟಿದಳು, ಹೊಡೆಯಲು ಮಾತ್ರ ಅಂಜಿದಳು.

"ಹೊಡಿ ಮರೀ, ಅದು ಯಾರಿಗೂ ಚಾಡಿ ಹೇಳಲ್ಲ," ಎಂದಳು ನೀಲಾಬ್.

ಗುಬ್ಬಿ ಕುಟುಕಿದಷ್ಟು ಮೆಲ್ಲಗೆ ಒಂದು ಏಟು ಬಿತ್ತು. ನನಗೆ ನೋವಾಯಿತೇನೋ ಎಂದು ಹುಡುಗಿ ಆ ಜಾಗವನ್ನು ಸವರಿದಳು. ಫೋನಿನೊಳಗೆ ನಗು ಕೇಳಿತು.

"ಇನ್ನೊಂದು."

ಜರ್ಘೂನಾ ಹೊಡೆದಳು. ಈ ಸಲ ಸವರಲಿಲ್ಲ.