ಜ್ವರಕ್ಕೆ ಕೂತ ಹುಳ

ತಾಂಡ್ಯದ ಆ ಲ್ಯಾಬಿಗೆ ಹುಳ ನೋಡುವ ಮಿಷನ್ನು ಬಂದದ್ದು ಎರಡು ಸಾವಿರದ ಆರರಲ್ಲಿ. ಇಡ್ಲಿ ತಟ್ಟೆಯಂಥ ತಟ್ಟೆಗಳು, ಗುಳಿಗೊಂದು ರೇಷ್ಮೆ ಹುಳ, ಒಂದು ಚೂರು ಹಿಪ್ಪುನೇರಳೆ ಸೊಪ್ಪು. ಮೇಲಿನಿಂದ ಕ್ಯಾಮೆರಾ ನೋಡುತ್ತದೆ. ಹುಳ ಅಲುಗಿದರೆ ಪರದೆಯಲ್ಲಿ ಹಸಿರು ಚುಕ್ಕೆ, ಅಲುಗದಿದ್ದರೆ ಕೆಂಪು. ಹಿಂದೆ ತಿಂಗಳು ಹಿಡಿಯುತ್ತಿದ್ದ ಪರೀಕ್ಷೆ ಈಗ ಒಂದು ಹಗಲಿನದು. ಅಲ್ಲಿ ಬೆಳೆಗೆ ಹೊಡೆಯುವ ಔಷಧಿ ಮಾಡುತ್ತಿದ್ದ ಇಂದ್ರಾಣಿಗೆ ಇಂಥದ್ದೇ ಬೇಕಿತ್ತು. ಎಂ.ಎಸ್ಸಿ. ಓದಿದರೇನು, ಅಕ್ಕಿ ತೊಳೆಯುವಾಗಲೇ ಎಲೆ ಹಾಕಿಕೊಂಡು ಕೂರುವ ಪೈಕಿ ಅವಳು.

ಹಿಪ್ಪುನೇರಳೆಗೆ ಅಂಟುವ ಹಿಟ್ಟು ತಿಗಣೆಗೆ ಅವಳೊಂದು ಔಷಧಿ ಮಾಡಿದ್ದಳು. ಅದು ರೇಷ್ಮೆ ಹುಳಕ್ಕೆ ಕೇಡಲ್ಲವೆಂದು ತೋರಿಸಬೇಕಿತ್ತು. ದೊಡ್ಡವರು ನೋಡಲು ಬರುತ್ತಾರೆಂದು ಪರೀಕ್ಷೆಯನ್ನು ಒಂದು ದಿನ ಮುಂಚೆಯೇ ಶುರು ಮಾಡಿದಳು. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಸುಮ್ಮನೆ ಹೇಳಿಲ್ಲ. ಮಧ್ಯಾಹ್ನದ ಹೊತ್ತಿಗೆ ಪರದೆಯೆಲ್ಲ ಕೆಂಪು. ಔಷಧಿ ಸವರಿದ ತಟ್ಟೆಯಷ್ಟೇ ಅಲ್ಲ, ಬರೀ ಸೊಪ್ಪಿಟ್ಟ ತಟ್ಟೆಯೂ ಕೆಂಪು. ಮುಚ್ಚಳದ ಮೇಲಿಂದ ಇಣುಕಿದಳು. ಒಂದೂ ಅಲುಗಲಿಲ್ಲ, ಒಂದೂ ಸೊಪ್ಪಿಗೆ ಬಾಯಿ ಹಾಕಿರಲಿಲ್ಲ.

ಲ್ಯಾಬಿನ ಮುಖ್ಯಸ್ಥ ಮಲ್ಲಿಕಾರ್ಜುನ್ ನೋಡಿದವನೇ, ಸೊಪ್ಪಿನಲ್ಲೇ ವಿಷ ಇದೆ, ಆ ತೋಟದ ಸೊಪ್ಪು ಇನ್ನು ಬೇಡ, ಸಂಜೆ ತಟ್ಟೆಗಳನ್ನು ಹುಳದ ಸಮೇತ ಕುದಿನೀರಿಗೆ ಹಾಕಿಸಿಬಿಡಿ ಎಂದ. ತೋಟ ಯಾರದೆಂದು ಅವನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು. ಅದು ದೇವನೂರಿನ ಮಹದೇವಯ್ಯನದು, ಅವಳ ಅಪ್ಪನದು. ಅಪ್ಪ ಸೊಪ್ಪಿಗೆ ಏನೂ ಹೊಡೆಯುವುದಿಲ್ಲವೆಂದು ಜಾಮೀನು ನಿಂತವಳೂ ಅವಳೇ.

ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ದೇವನೂರಿಗೆ ಸಿಕ್ಕಿದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಅಪ್ಪನ ಮೇಲೆ ಸಿಟ್ಟು ಬೆಳೆಯುತ್ತ ಹೋಯಿತು. ಊರೆಲ್ಲ ಅವಳನ್ನು ಮೇಡಂ ಅಂದಾಗ, ‘ನನ್ಗೆ ಇವ್ಳು ಕೂಸೇ’ ಎಂದು ನಗುತ್ತಿದ್ದ ಅಪ್ಪ ಅವನು. ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದ. ನೀರು ಕುಡಿಯುತ್ತೀಯಾ ಎಂದು ಅವನು ಕೇಳಲೂ ಬಿಡದೆ ಕೇಳಿಯೇಬಿಟ್ಟಳು.

“ಅಪ್ಪ, ಸೊಪ್ಪಿಗೆ ಏನಾರ ಔಸ್ದಿ ಹೊಡ್ದಿದ್ಯಾ? ನಿಜ ಹೇಳು. ಹುಳ ಎಲ್ಲ ಸತ್ತೋಗವೆ.”

ಮಹದೇವಯ್ಯ ಅವಳನ್ನೇ ನೋಡಿದ. ಆಮೇಲೆ ಕೈಯಲ್ಲಿದ್ದ ಸೊಪ್ಪನ್ನು ಬಾಯಿಗಿಟ್ಟು ಅಗಿದು ನುಂಗಿದ, ಇನ್ನೊಂದನ್ನು ಕಿತ್ತು ಅದನ್ನೂ ಅಗಿದ. ಮತ್ತೆ ಕೊಯ್ಯತೊಡಗಿದ. ತಪ್ಪಾಯಿತು ಅನ್ನಲು ಇಂದ್ರಾಣಿಗೆ ನಾಲಿಗೆ ಏಳಲಿಲ್ಲ. ಇದೇ ಸೊಪ್ಪು ತಿನ್ನುವ ಮನೆಯ ಹುಳಗಳನ್ನು ನೋಡಲು ದಡದಡ ಹುಳದ ಮನೆಯ ಕಡೆ ನಡೆದಳು.

ಬಾಗಿಲಲ್ಲೇ ಅವ್ವ ಚಲುವಮ್ಮ ತಡೆದಳು.

“ಮೆಲ್ಗೆ ಕಣವ್ವ. ಹುಳ ಜ್ವರಕ್ಕೆ ಕೂತವೆ.”

ಇಂದ್ರಾಣಿ ಹೊಸ್ತಿಲಲ್ಲೇ ನಿಂತುಬಿಟ್ಟಳು. ತಟ್ಟೆತಟ್ಟೆಯಲ್ಲೂ ಹುಳಗಳು ತಲೆ ಎತ್ತಿ, ಸೊಪ್ಪು ಮುಟ್ಟದೆ, ಅಲುಗದೆ ಕೂತಿದ್ದವು. ಹಳೇ ಚರ್ಮ ಕಳಚುವ ಮೊದಲು ಹುಳ ಹೀಗೇ ಕೂರುತ್ತದೆ. ಅದಕ್ಕೆ ಜ್ವರ ಅನ್ನುತ್ತಾರೆಂದು ನಡೆಯಲು ಕಲಿತಾಗಿನಿಂದ ಅವಳಿಗೆ ಗೊತ್ತು. ಲ್ಯಾಬಿಗೂ ಮನೆಗೂ ಮೊಟ್ಟೆ ಬಂದದ್ದು ಒಂದೇ ಕಡೆಯಿಂದ, ಒಂದೇ ದಿನ. ಒಂದು ದಿನ ತಾಳಿದ್ದರೆ ಎಲ್ಲವೂ ಜ್ವರ ಬಿಟ್ಟು ಎದ್ದಿರುತ್ತಿದ್ದವು. ಮುಚ್ಚಳದ ಮೇಲಿಂದ ಇಣುಕಿದಾಗಲೂ ಅವಳ ಕಣ್ಣಲ್ಲಿದ್ದದ್ದು ಕೆಂಪು ಚುಕ್ಕೆಯೇ, ಹುಳವಲ್ಲ.

ಲ್ಯಾಬಿಗೆ ಫೋನು ಮಾಡಿದರೆ ಎತ್ತುವವರಿಲ್ಲ. ಟಿ. ನರಸೀಪುರದ ಕಡೆಯಿಂದ ಬಂದ ಕಬ್ಬಿನ ಲಾರಿಗೆ ಕೈ ಅಡ್ಡ ಹಾಕಿ ಹತ್ತಿದಳು. ಡ್ರೈವರ್ ನಿಧಾನಿಸಿದ ಕಡೆಯೆಲ್ಲ ಅವಳ ಕಾಲು ಇಲ್ಲದ ಎಕ್ಸಿಲೇಟರು ತುಳಿಯುತ್ತಿತ್ತು, ಕೈ ಇಲ್ಲದ ಗೇರು ಹಾಕುತ್ತಿತ್ತು. ಲ್ಯಾಬು ಮುಟ್ಟಿದಾಗ ನೀರು ಕುದಿಯುತ್ತಿತ್ತು. ತಟ್ಟೆಗಳು ಪಕ್ಕದಲ್ಲೇ ಇದ್ದವು. ಕಿತ್ತುಕೊಂಡಳೆಂದೇ ಅನ್ನಬೇಕು.

ಮಾರನೇ ದಿನ ಪರದೆ ಪೂರ್ತಿ ಹಸಿರಾಯಿತು, ಔಷಧಿ ಸವರಿದ ತಟ್ಟೆಯೂ ಸೇರಿ. ಮಲ್ಲಿಕಾರ್ಜುನ್ ಕೈ ಕುಲುಕಿದ, ಸೊಪ್ಪು ಅದೇ ತೋಟದಿಂದ ತರಿಸಿ ಎಂದ. ಇಂದ್ರಾಣಿ ಹೊರಗೆ ಬಂದು ಮನೆಗೆ ಫೋನು ಮಾಡಿದಳು. ಎತ್ತಿದವನು ಅಪ್ಪನೇ.

ಹುಳ ಸತ್ತಿರಲಿಲ್ಲ, ಜ್ವರಕ್ಕೆ ಕೂತಿದ್ದವು, ಎದ್ದವು, ನಿನ್ನ ಸೊಪ್ಪಿನದೇನೂ ತಪ್ಪಿರಲಿಲ್ಲ ಎಂದು ಒಂದೇ ಉಸಿರಿಗೆ ಹೇಳಿದಳು. ತಪ್ಪಾಯಿತು ಅಂತಲೂ ಅಂದಳು.

“ಒಳ್ಳೇದಾಯ್ತು,” ಎಂದ ಮಹದೇವಯ್ಯ. “ನಾಳೀಕೆ ಸೊಪ್ಪು ಎಷ್ಟೊತ್ಗೆ ಕಳುಸ್ಲಿ, ಮೇಡಂ?”