ಒಪ್ಪಲ್ಲಮ್ಮನ ಮಾದರಿ ಉತ್ತರ

ಎರಡೂ ಕೈಗಳನ್ನು ಕೋಟಿನ ಜೇಬಿಗೆ ಇಳಿಬಿಟ್ಟು, ತಲೆಯನ್ನು ತುಸು ಎಡಕ್ಕೆ ವಾಲಿಸಿ, "ನಾನು ಒಪ್ಪಲ್ಲ, ಒಪ್ಪಿಸು" ಎಂದು ಅವರು ಹೇಳುವಾಗ, ಎದುರಿಗಿರುವುದು ಮಗುವೋ, ಮಗುವಿನ ತಂದೆಯೋ, ತನಿಖೆಗೆ ಬಂದ ಅಧಿಕಾರಿಯೋ ಎಂಬ ಭೇದ ಆ ದನಿಯಲ್ಲಿ ಎಳ್ಳಷ್ಟೂ ಇರುತ್ತಿರಲಿಲ್ಲ. ಭೂಮಿ ಗುಂಡಗಿದೆ ಎಂದರೂ ಒಪ್ಪಲ್ಲ, ನೀರು ಇಳಿಜಾರಿಗೆ ಹರಿಯುತ್ತದೆ ಎಂದರೂ ಒಪ್ಪಲ್ಲ. ಮಕ್ಕಳು ಅವರಿಗೆ 'ಒಪ್ಪಲ್ಲಮ್ಮ' ಎಂದು ನಾಮಕರಣ ಮಾಡಿದ್ದರಲ್ಲಿ ಆಶ್ಚರ್ಯವಿಲ್ಲ. ಆ ಹೆಸರು ಕಿವಿಗೆ ಬಿದ್ದ ದಿನ ಅದೊಂದನ್ನು ಮಾತ್ರ ಯಾವ ಪುರಾವೆಯನ್ನೂ ಕೇಳದೆ ಒಪ್ಪಿಕೊಂಡುಬಿಟ್ಟರು.

ಕೋಟು ಅವರ ಅಣ್ಣನದು. ಬೂದಿಬಣ್ಣದ, ಮೊಣಕಾಲು ಮುಟ್ಟುವ, ತೋಳುಗಳನ್ನು ಎರಡು ಸುತ್ತು ಮಡಚಿದ ಆ ಕೋಟಿನ ಜೇಬುಗಳಲ್ಲಿ ನೂಲಿನ ಉಂಡೆ, ಅಯಸ್ಕಾಂತದ ತುಂಡು, ಮೋಂಬತ್ತಿಯ ಮೋಟು, ಎಲ್ಲಿಯದೋ ಒಂದು ಕೀಲು ಸದಾ ಇರುತ್ತಿದ್ದವು. ನಡೆದರೆ ಸಣ್ಣ ಪಾತ್ರೆ ಅಂಗಡಿಯೇ ನಡೆದಂತೆ ಸದ್ದಾಗುತ್ತಿತ್ತು. ಹಿಮ್ಮಡಿ ಊರಿ ಬಿರಬಿರನೆ ಹೋಗುತ್ತಿದ್ದವರು ನಡುವೆ ಏನಾದರೂ ಕಣ್ಣಿಗೆ ಬಿದ್ದರೆ ಗಕ್ಕನೆ ನಿಂತುಬಿಡುವರು, ಹಿಂದೆ ಬರುತ್ತಿದ್ದ ನಾವು ಅವರ ಬೆನ್ನಿಗೆ ಡಿಕ್ಕಿ ಹೊಡೆಯುವೆವು. ಇವರ ಜೊತೆ ತರಕಾರಿಗೆ ಹೋದರೆ ಅಂಗಡಿಯವನು ಒಪ್ಪಿಸುವಷ್ಟರಲ್ಲಿ ಸೊಪ್ಪು ಬಾಡಿರುತ್ತದೆ ಎಂದು ಅವರ ಅತ್ತಿಗೆ ನನ್ನ ಹತ್ತಿರವೇ ಒಮ್ಮೆ ಗೋಳು ಹೇಳಿಕೊಂಡಿದ್ದರು.

ನಮ್ಮ ಶಾಲೆಯಲ್ಲಿ ಅವರು ವಿಜ್ಞಾನದವರು, ನಾನು ಪಕ್ಕದ ಕೋಣೆಯಲ್ಲಿ ಭಾಷೆ ಕಲಿಸುತ್ತಿದ್ದವನು. ನನ್ನ ತರಗತಿಯಿಂದ ಪದ್ಯ ಒಪ್ಪಿಸುವ ಮಕ್ಕಳ ದನಿ ಗೋಡೆಯಾಚೆಗೆ ಕೇಳಿಸುವುದೇ ಅವರಿಗೊಂದು ವ್ಯಥೆ. ಒಂದು ಮಧ್ಯಾಹ್ನ ನನ್ನ ಮೇಜಿನ ಮುಂದೆ ಬಂದು ಕೂತು ಕೇಳಿದರು: "ಒಪ್ಪಿಸೋದು ಅಂದ್ರೆ ಕೊಟ್ಟುಬಿಡೋದು ಅಂತಲೂ ಅರ್ಥ ಅಲ್ವಾ ಸಾರ್? ಹಾಗಾದ್ರೆ ಪಾಠ ಒಪ್ಪಿಸಿದ ಮಗು ಬರಿಗೈಲಿ ಮನೆಗೆ ಹೋಗುತ್ತೆ." ಆ ಪದಕ್ಕೆ ಇನ್ನೂ ಒಂದು ಅರ್ಥವಿದೆ, ಎದುರಿನವರ ಮನಸ್ಸಿಗೆ ಹೌದೆನ್ನಿಸುವುದು, ಎಂದರು. ಪರೀಕ್ಷೆಯಲ್ಲಿ ಮಕ್ಕಳಿಂದ ತಮಗೆ ಬೇಕಾದದ್ದು ಅದು ಎಂದು ತಾವೇ ಮುಗಿಸಿ, ಕೋಟಿನ ಸದ್ದಿನೊಂದಿಗೆ ಎದ್ದು ಹೋದರು.

ಹೀಗೆ ನಮ್ಮ ಶಾಲೆಯಲ್ಲಿ 'ಮಾಡಿ ತೋರಿಸೋ ಪರೀಕ್ಷೆ' ಶುರುವಾಯಿತು. ಮೇಜಿನ ಮೇಲೆ ಒಂದು ಕುಂಟು ಸ್ಟೂಲು ಇಡುವರು: ಯಾಕೆ ಅಲ್ಲಾಡುತ್ತದೆ, ಒಪ್ಪಿಸು. ಒಂದೇ ಬೀದಿಯ ಎರಡು ಹಳೆಯ ನಕಾಶೆ ಕೊಡುವರು: ಯಾವುದನ್ನು ನಂಬುತ್ತೀಯ, ಒಪ್ಪಿಸು. ಗಣಿತವಾಗಲಿ, ಚರಿತ್ರೆಯಾಗಲಿ, ನನ್ನ ಭಾಷೆಯೇ ಆಗಲಿ, ಹಲಗೆಯ ಮೇಲೆ ಅವರು ಮೊದಲೇ ಬರೆದಿಡುತ್ತಿದ್ದ ಅಂಕದ ಕಟ್ಟಳೆ ಒಂದೇ: ಏನು ನೋಡಿದೆ, ಏನು ಊಹಿಸಿದೆ, ಊಹೆ ಸರಿಯೆಂದು ಹೇಗೆ ನೋಡಿಕೊಂಡೆ, ಎಲ್ಲಿ ತಪ್ಪಿರಬಹುದು. ಕೊನೆಯದಕ್ಕೇ ಹೆಚ್ಚು ಅಂಕ. ಲೆಕ್ಕದ ಮೇಷ್ಟ್ರು ಮಾತ್ರ, ಆಯಮ್ಮ ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಗೊಣಗುತ್ತಲೇ ಇದ್ದರು. ನನಗೆ ಹಾಗೆ ಕಾಣಲಿಲ್ಲ. ಆಕೆ ಮೊಲವನ್ನು ಮೇಜಿನ ಮೇಲಿಟ್ಟು ಎಲ್ಲರೂ ಎಣಿಸಿ ನೋಡಿ ಎನ್ನುವ ಪೈಕಿ.

ಆ ವರ್ಷ ಹಿರಿಯ ತರಗತಿಯ ಗೋಡೆಯಲ್ಲಿ, ಕಿಟಕಿಯ ಮೂಲೆಯಿಂದ ಚಾವಣಿಯವರೆಗೆ, ಒಂದು ಬಿರುಕು ಕಾಣಿಸಿಕೊಂಡಿತು. ಬೇರೆಯವರಾಗಿದ್ದರೆ ಗಾರೆಯವನನ್ನು ಕರೆಸುತ್ತಿದ್ದರು. ಇವರು ಅದನ್ನೇ ಪ್ರಶ್ನೆಪತ್ರಿಕೆ ಮಾಡಿದರು. ಈ ಬಿರುಕು ಬೆಳೆಯುತ್ತಿದೆಯೇ, ಒಪ್ಪಿಸಿ. ಅಳತೆ ನೋಡುವುದು ಲೆಕ್ಕದ ಮೇಷ್ಟ್ರು, ಕಟ್ಟಡದ ಹಿಂದಿನ ಕಥೆಯನ್ನು ಹಳಬರಿಂದ ಕೇಳಿ ತಂದದ್ದನ್ನು ನೋಡುವುದು ಚರಿತ್ರೆಯವರು, ಬರವಣಿಗೆ ನನ್ನ ಪಾಲಿಗೆ. ಬಿರುಕಿಗೆ ಅಡ್ಡಲಾಗಿ ಕಾಗದದ ಪಟ್ಟಿ ಅಂಟಿಸಿ, ಅದು ಹರಿದರೆ ಗೋಡೆ ಸರಿಯುತ್ತಿದೆ ಎಂದು ತಿಳಿಯುವ ಹಳೆಯ ಉಪಾಯವನ್ನು ಮಕ್ಕಳಿಗೆ ಹೇಳಿಕೊಟ್ಟವರೂ ಅವರೇ. ರಜೆಯಲ್ಲಿ ತಾವೇ ಒಂದು ಪಟ್ಟಿ ಅಂಟಿಸಿ ನೋಡಿದ್ದರು, ಹರಿದಿತ್ತು. ಆದ್ದರಿಂದ, ಬಿರುಕು ಬೆಳೆಯುತ್ತಿದೆ ಎಂಬ ಮಾದರಿ ಉತ್ತರವನ್ನು ಬರೆದು ಅಂಕ ಹಾಕುವ ನಮಗೆಲ್ಲ ಮೊದಲೇ ಹಂಚಿದ್ದರು.

ಆ ತರಗತಿಯಲ್ಲಿ ಬಸ್ ಡ್ರೈವರನ ಮಗಳೊಬ್ಬಳಿದ್ದಳು. ಕೇಳಿದ್ದಕ್ಕೆ ಹೂಂ ಅನ್ನಳು, ಉಹೂಂ ಅನ್ನಳು. ಅವಳ ಉತ್ತರಪತ್ರಿಕೆಗಳು ಬಹುಪಾಲು ಬಿಳಿಯಾಗಿಯೇ ಮರಳುತ್ತಿದ್ದವು. ಈ ಸಲ ಅದೇ ತರಗತಿಯಲ್ಲಿ ಉಳಿದರೆ ಶಾಲೆ ಬಿಡಿಸಿ ಬಟ್ಟೆ ಕಾರ್ಖಾನೆಯ ಕೆಲಸಕ್ಕೆ ಸೇರಿಸುತ್ತೇನೆ ಎಂದು ಅವಳ ಅಪ್ಪ ಹೆಡ್ ಮಾಸ್ಟರ ಮುಂದೆ ಹೇಳಿ ಹೋಗಿದ್ದ. ಕೋಪದಿಂದ ಹೇಳಿದ್ದಲ್ಲ, ಸೋತು ಹೇಳಿದ್ದು. ಬರಹದ ಪರೀಕ್ಷೆಯಿಂದ ಅವಳು ದಾಟುವ ಹಾಗಿರಲಿಲ್ಲ. ಉಳಿದದ್ದು ಈ ಗೋಡೆಯೊಂದೇ.

ಒಪ್ಪಿಸುವ ದಿನ ಗುಂಪಿನ ಮೇಲೆ ಗುಂಪು ಬಂದು, ಹರಿದ ಪಟ್ಟಿ ತೋರಿಸಿ, ಬಿರುಕು ಬೆಳೆಯುತ್ತಿದೆ ಎಂದು ಚೆಂದವಾಗಿ ಹೇಳಿ ಹೋಯಿತು. ಕೊನೆಗೆ ಆ ಹುಡುಗಿ ಎದ್ದು, ಗೋಡೆಯ ಹತ್ತಿರ ಹೋಗಿ, ಬಿರುಕಿನಿಂದ ಒಂದು ಗೇಣು ಆಚೆ ತಾನು ಅಂಟಿಸಿದ್ದ ಇನ್ನೊಂದು ಪಟ್ಟಿಯ ಮೇಲೆ ಬೆರಳಿಟ್ಟಳು. ಅದೂ ನಟ್ಟನಡುವೆ ಹರಿದಿತ್ತು.

"ಇಲ್ಲಿ ಬಿರುಕೇ ಇಲ್ಲ" ಎಂದಳು.

ಮಕ್ಕಳು ಒಪ್ಪಿಸುವ ಹೊತ್ತಿನಲ್ಲಿ ಒಪ್ಪಲ್ಲಮ್ಮ ಜೇಬಿನಿಂದ ಕೈ ತೆಗೆದದ್ದನ್ನು ನಾನು ಅಂದೇ ಮೊದಲು ನೋಡಿದ್ದು. ಮತ್ತೆ ಯಾಕೆ ಹರಿಯಿತು ಎಂದು ಕೇಳಿದರು. ಅಂಟು ಒಣಗುವಾಗ ಕಾಗದ ಬಿಗಿಯುತ್ತದೆ, ಕಿಟಕಿಯ ಬಿಸಿಲು ಬೇರೆ ಬೀಳುತ್ತದೆ ಎಂದು ಹುಡುಗಿ ಒಂದೊಂದೇ ಪದ ಹೆಕ್ಕಿ ಹೇಳಿದಳು. ಬಿರುಕಿನ ಎರಡೂ ಬದಿಗೆ ಪೆನ್ಸಿಲಿನಲ್ಲಿ ಚುಕ್ಕೆಯಿಟ್ಟು, ಅವುಗಳ ನಡುವಿನ ಅಂತರಕ್ಕೆ ಸರಿಯಾಗಿ ಗಂಟು ಹಾಕಿದ ದಾರವನ್ನು ಹಿಡಿದು ತೋರಿಸಿದಳು. ತಿಂಗಳ ಹಿಂದಿನ ಗಂಟು, ಚುಕ್ಕೆಯ ಮೇಲೇ ಕೂತಿತು.

"ಹಾಗಾದ್ರೆ ಬೆಳೀತಿಲ್ವೇನಮ್ಮಾ?"

"ಈ ದಾರಕ್ಕೆ ಗೊತ್ತಾಗುವಷ್ಟು ಬೆಳೆದಿಲ್ಲ ಮೇಡಂ."

ಅಲ್ಲಿಗೂ ಅವರು ಒಪ್ಪಲಿಲ್ಲ, ನೋಡಿ. ತಾವೇ ನೆಟ್ಟಗಿದ್ದ ಗೋಡೆಗೆ ಪಟ್ಟಿ ಅಂಟಿಸಿ, ಅದು ಹರಿಯುವ ತನಕ ಕಾದರು. ಹರಿದ ತುಂಡನ್ನು ಹಿಡಿದುಕೊಂಡೇ ಸ್ಟಾಫ್ ರೂಮಿಗೆ ಬಂದು, ನಮ್ಮೆಲ್ಲರಿಂದ ಮಾದರಿ ಉತ್ತರದ ಹಾಳೆಗಳನ್ನು ವಾಪಸು ಪಡೆದು, ಒಂದೊಂದರ ಮೇಲೂ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದರು. ಊಹೆ ಸರಿಯೆಂದು ಹೇಗೆ ನೋಡಿಕೊಂಡೆ ಎಂಬ ಪ್ರಶ್ನೆಗೆ ತಮಗೂ ಸೊನ್ನೆ, ತಮ್ಮ ಮಾತು ನಂಬಿದ ಮಕ್ಕಳಿಗೂ ಸೊನ್ನೆ ಎಂದರು. ಇಷ್ಟು ಸಂತೋಷದಿಂದ ಸೊನ್ನೆ ತೆಗೆದುಕೊಂಡವರನ್ನು ನಾನು ಇನ್ನೊಬ್ಬರನ್ನು ಕಂಡಿಲ್ಲ.

ಸಂತೋಷ ಅವರೊಬ್ಬರದೇ. ಸದಾ ಮೊದಲು ಬರುವ ಮಕ್ಕಳ ಅಂಕ ಇಳಿಯಿತು, ತಂದೆತಾಯಂದಿರು ಶಾಲೆಯ ಬಾಗಿಲಿಗೆ ಬಂದರು, ಟೀಚರೇ ಹೇಳಿಕೊಟ್ಟದ್ದನ್ನು ಬರೆದರೆ ಟೀಚರೇ ಸೊನ್ನೆ ಕೊಡುವುದು ಯಾವ ನ್ಯಾಯ ಎಂದು ಕೇಳಿದರು. ಕೇಳಿದ್ದರಲ್ಲಿ ತಪ್ಪಿರಲಿಲ್ಲ ಎಂದೇ ನನಗೂ ಅನ್ನಿಸಿತ್ತು. ಹೆಡ್ ಮಾಸ್ಟರು ಮಾಡಿ ತೋರಿಸೋ ಪರೀಕ್ಷೆಯನ್ನೇ ರದ್ದು ಮಾಡಿ, ಬರಹದ ಅಂಕವಷ್ಟೇ ಲೆಕ್ಕಕ್ಕೆ ಎಂದು ತೀರ್ಮಾನಿಸಿದರು. ಅಂದರೆ ಡ್ರೈವರನ ಮಗಳು ಅದೇ ತರಗತಿಯಲ್ಲಿ, ಎಂದರೆ ಕಾರ್ಖಾನೆಯಲ್ಲಿ.

ಫಲಿತಾಂಶದ ಸಭೆಯಲ್ಲಿ ಆ ಹೆಸರು ಬಂದಾಗ ಒಪ್ಪಲ್ಲಮ್ಮ ಸಹಿ ಹಾಕಲಿಲ್ಲ. ಹೆಡ್ ಮಾಸ್ಟರು ಕೆಟ್ಟವರಲ್ಲ, ದಣಿದವರು. ಅವರು ಸಮಾಧಾನವಾಗಿಯೇ ಕೇಳಿದರು: "ನಾಳೆ ಪ್ರತಿಯೊಬ್ಬ ತಂದೆಯೂ ಬಂದು, ನನ್ನ ಮಗನೂ ಯೋಚನೆ ಮಾಡ್ತಾನೆ ಅಂದ್ರೆ ನಾನೇನು ಹೇಳಲಿ ಮೇಡಂ?"

"ಸಂತೋಷ, ತೋರಿಸಲಿ ಅನ್ನಿ."

ನಿಯಮ ಎಂದರು ಅವರು. ನಿಯಮ ಮಾಡಿದವರನ್ನು ಕರೆಸಿ ಒಪ್ಪಿಸಲಿ ಎಂದರು ಇವರು. ಲೆಕ್ಕದ ಮೇಷ್ಟ್ರು, ಒಂದು ಹುಡುಗಿಗಾಗಿ ಇಷ್ಟು ರಂಪ ಬೇಕೇ ಎಂದು ನಡುವೆ ಬಾಯಿ ಹಾಕಿದರು. ಆಗ ಒಪ್ಪಲ್ಲಮ್ಮ ಎದ್ದು ನಿಂತರು. ದನಿ ಏರಿಸಲಿಲ್ಲ.

"ಆ ಗೋಡೆಯನ್ನ ನಾನೂ ನೋಡಿದೆ, ನೀವೂ ನೋಡಿದ್ರಿ, ಅಳತೆಗೆ ಅಂಕ ಕೊಟ್ರಿ. ನಮ್ಮಲ್ಲಿ ಒಬ್ಬರಿಗೂ ಹೊಳೀಲಿಲ್ಲ, ಅವಳಿಗೆ ಹೊಳೀತು. ಅವಳನ್ನ ಅದೇ ಕ್ಲಾಸಲ್ಲಿ ಕೂರಿಸೋದಾದ್ರೆ ನಮ್ಮನ್ನೂ ಪಕ್ಕದಲ್ಲಿ ಕೂರಿಸಿ ಸಾರ್. ಅಲ್ಲಿವರೆಗೆ ನಾನು ಸಹಿ ಹಾಕಲ್ಲ, ಯಾರ ಹೆಸರಿಗೂ ಹಾಕಲ್ಲ."

ಇಡೀ ತರಗತಿಯ ಫಲಿತಾಂಶ ನಿಂತುಹೋಯಿತು. ಎರಡನೆಯ ದಿನ ಲೆಕ್ಕದ ಮೇಷ್ಟ್ರು ಒಬ್ಬರೇ ದಾರ ಹಿಡಿದು ಗೋಡೆಯ ಮುಂದೆ ನಿಂತಿದ್ದನ್ನು ಕಂಡೆ. ಆಮೇಲೆ ಅವರೂ ಸಹಿ ಹಾಕದೆ ಲೇಖನಿ ಮುಚ್ಚಿಟ್ಟರು, ನಾನೂ ಮುಚ್ಚಿಟ್ಟೆ. ವಾರ ಕಳೆದ ಮೇಲೆ ಹುಡುಗಿಯನ್ನು 'ವಿಶೇಷ ಪ್ರಕರಣ'ವೆಂದು ಮುಂದಿನ ತರಗತಿಗೆ ದಾಟಿಸಿದರು. ಒಪ್ಪಲ್ಲಮ್ಮನಿಂದ ಹಿರಿಯ ತರಗತಿಗಳನ್ನು ಕಿತ್ತುಕೊಂಡು, ಅವರನ್ನು ಅಕ್ಷರ ತಿದ್ದುವ ಮಕ್ಕಳ ತರಗತಿಗೆ ಹಾಕಿದರು. ನನಗೆ ಬೇಸರವಾಯಿತು, ಹೇಳಿದೆ. ಅವರು, ಚಿಕ್ಕ ಮಕ್ಕಳಿಗೆ ಒಪ್ಪಿಸುವ ಚಟ ಇನ್ನೂ ಹಿಡಿದಿರುವುದಿಲ್ಲ, ಒಳ್ಳೆಯದೇ ಆಯಿತು ಎಂದು ನಕ್ಕರು. ಆ ನಗೆಯಲ್ಲಿ ನೋವಿರಲಿಲ್ಲ ಎಂದರೆ ಸುಳ್ಳಾಗುತ್ತದೆ, ಸೋಲಂತೂ ಇರಲಿಲ್ಲ.

ಇಂಥವರೊಡನೆ ಬಾಳುವುದು ಸುಲಭವಲ್ಲ. ಅವರು ಸಭೆಗಳನ್ನು ಲಂಬಿಸುತ್ತಾರೆ, ಸ್ನೇಹಿತರನ್ನು ಇಕ್ಕಟ್ಟಿಗೆ ಸಿಕ್ಕಿಸುತ್ತಾರೆ, ಸಿದ್ಧವಾದ ಫಲಿತಾಂಶವನ್ನು ಕೆಡಿಸಿ ಕೂರುತ್ತಾರೆ. ಲೋಕ ಅವರನ್ನು ಹಠಮಾರಿಗಳೆಂದು ಕರೆದು ಕೈತೊಳೆದುಕೊಳ್ಳುತ್ತದೆ. ಆದರೆ ಬರಿಯ ಹಠಮಾರಿ ಯಾರಿಗೂ ಸೋಲುವುದಿಲ್ಲ. ಇವರು ಸೋಲಬೇಕಾದವರಿಗೆ, ಅದು ಹಿಂದಿನ ಬೆಂಚಿನ ಮಾತಿಲ್ಲದ ಹುಡುಗಿಯೇ ಆಗಿರಲಿ, ಎಲ್ಲರೆದುರು ಸೋಲುತ್ತಾರೆ. ಹಾಗೆ ಸೋಲಬಲ್ಲವರನ್ನು ಬಗ್ಗಿಸುವ ಶಕ್ತಿ ಯಾವ ದೊಡ್ಡವರಿಗೂ ಇಲ್ಲ.