ಮೂರು ಬುಟ್ಟಿ ಹೊಟ್ಟು

"ಅದನ್ನ ಇಳಿಸಿ. ಮೊದಲು ಕೆಳಗೆ ಇಳಿಸಿ, ಆಮೇಲೆ ಮಾತು."

ಲಾರಿಯ ಮೇಲಿದ್ದ ಇಬ್ಬರು ಹಮಾಲರು ಮುಖ ಮುಖ ನೋಡಿಕೊಂಡರು. ಅವರು ಆಗಷ್ಟೇ ಮೇಲೆಳೆದುಕೊಂಡಿದ್ದು ಹನ್ನೊಂದು ಮೆಟ್ಟಿಲುಗಳ ಮರದ ಸೋಪಾನ. ರಂಗಮಂದಿರದ ಬಡಗಿಯಾಗಿದ್ದ ಅಪ್ಪ ಅದನ್ನು ಮಾಡಿದ್ದ. ಅಪ್ಪನ ನಂತರ ಬಡಗಿಯಾದ ಮಗಳು, ಈಗ ಲಾರಿಗೆ ಅಡ್ಡ ನಿಂತವಳು, ಅದರ ಎರಡು ಹಲಗೆ ಬದಲಿಸಿದ್ದಳು, ಅಷ್ಟೇ. ಅದು ಅರಮನೆಗೂ ನ್ಯಾಯಾಲಯಕ್ಕೂ ಮೆಟ್ಟಿಲಾಗಿತ್ತು, ಒಂದು ನಾಟಕದಲ್ಲಿ ತಲೆಕೆಳಗಾಗಿ ನಿಂತು ಬೆಟ್ಟವೂ ಆಗಿತ್ತು. ಅದರ ಕೆಳಗೆ ಲಾರಿಯಲ್ಲಿ ಬಾಗಿಲುಗಳು, ಕಿಟಕಿಗಳು, ಬಟ್ಟೆ ಬಿಗಿದ ಗೋಡೆಗಳು ಒಂದರ ಮೇಲೊಂದು ಬಿದ್ದಿದ್ದವು.

"ಅಕ್ಕಾ, ನಮಗೇನು ಗೊತ್ತು? ಕಸಕ್ಕೆ ಹಾಕಿ ಬನ್ನಿ ಅಂದ್ರು," ಎಂದ ಒಬ್ಬ.

"ಯಾರು ಅಂದಿದ್ದು?"

ಅಂದವನೇ ಕಚೇರಿಯಿಂದ ಬಂದ. ರಂಗಮಂದಿರದ ಮ್ಯಾನೇಜರ್ ಅವನು, ಕೆಲಸಕ್ಕೆ ಬಂದು ಎರಡು ವರ್ಷವಾಗಿತ್ತು. ಒರಟು ಮಾತು ಅವನ ಬಾಯಿಂದ ಯಾರೂ ಕೇಳಿರಲಿಲ್ಲ. ಅವಳನ್ನು ಪಕ್ಕಕ್ಕೆ ಕರೆದು, ತಿಳಿಯದವರಿಗೆ ತಿಳಿಸುವ ತಾಳ್ಮೆಯಿಂದ ವಿವರಿಸಿದ. ಪರಿಸರಸ್ನೇಹಿ ರಂಗಮಂದಿರವೆಂದು ಪ್ರಮಾಣಪತ್ರ ಕೊಡುವ ಸಂಸ್ಥೆಯೊಂದಿದೆ. ಅದು ಸಿಕ್ಕರೆ ಹೊರದೇಶದ ಉತ್ಸವಗಳು ಕರೆಯುತ್ತವೆ. ಈ ವರ್ಷ ಎಷ್ಟು ಕಸ ಹೊರಹಾಕಿದೆವೆಂದು ತೂಕ ಬರೆಯಬೇಕು, ಮುಂದಿನ ವರ್ಷ ಅದನ್ನು ಅರ್ಧಕ್ಕೆ ಇಳಿಸಿ ತೋರಿಸಬೇಕು.

"ಒಳ್ಳೇದೇ ಅಲ್ವಾ ಸರ್? ನಮ್ಮಲ್ಲಿ ಕಸವೇ ಇಲ್ಲ. ಒಂದು ನಾಟಕಕ್ಕೆ ಮೂರು ಬುಟ್ಟಿ ಮರದ ಹೊಟ್ಟು ಬಿಟ್ರೆ ಇನ್ನೇನು ಹೊರಗೆ ಹೋಗುತ್ತೆ?"

"ಅದೇ ಸಮಸ್ಯೆ," ಎಂದ ಮ್ಯಾನೇಜರ್. "ಮೂರು ಬುಟ್ಟಿಯಲ್ಲಿ ಏನು ಇಳಿಸೋದು? ಈ ವರ್ಷ ಮೂರು ಲಾರಿ ಹೋದ್ರೆ, ಮುಂದಿನ ವರ್ಷ ಒಂದೇ ಲಾರಿ ಅಂತ ತೋರಿಸಬಹುದು."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಕಿವಿ ಬಿಸಿಯಾಯಿತು.

"ಅಂದ್ರೆ ಕಸ ಕಡಿಮೆ ಮಾಡೋಕೆ ಅಂತ ಕಸ ಮಾಡ್ತಿದ್ದೀರಾ?"

"ಹಾಗೆ ಕೇಳಿದ್ರೆ ಎಲ್ಲವೂ ವಿಚಿತ್ರವಾಗೇ ಕೇಳುತ್ತೆ. ಮುಂದಿನ ನಾಟಕಕ್ಕೆ ಹೊಸ ಪ್ಲೈವುಡ್ ಬರುತ್ತೆ, ಪರಿಸರಸ್ನೇಹಿ ಮುದ್ರೆ ಇರೋದು. ನಿಮಗೂ ಕೆಲಸ ಹಗುರ."

ಲಾರಿ ಹೋಗಿಯೇ ಹೋಯಿತು. ಸೋಪಾನ ಮಾತ್ರ ಇಳಿಯಿತು. ಅವಳು ಲಾರಿಯ ಹಿಂಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದರಿಂದ ಹಮಾಲರಿಗೆ ಬೇರೆ ದಾರಿ ಇರಲಿಲ್ಲ. ಉಳಿದೆರಡು ಲೋಡು ನಾಳಿದ್ದು ಸಂಜೆ ಎಂದು ಹೇಳಿ ಮ್ಯಾನೇಜರ್ ಒಳಗೆ ಹೋದ.

ಮಾರನೇ ದಿನ ರಜೆ ಹಾಕಿ, ಎರಡು ಬಸ್ಸು ಬದಲಿಸಿ, ಅವಳು ಆ ಸಂಸ್ಥೆಯನ್ನು ಹುಡುಕಿಕೊಂಡು ಹೋದಳು. ನಾಲ್ಕನೇ ಮಹಡಿಯ ಸಣ್ಣ ಕೋಣೆಯಲ್ಲಿ ನರೆಗೂದಲಿನ ಪರಿಶೀಲಕಿಯೊಬ್ಬಳು ಕೂತಿದ್ದಳು. ಬಡಗಿ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು.

"ನೀವು ಹೇಳೋದು ನಿಜ ಅನ್ನಿಸುತ್ತೆ," ಎಂದಳು ಪರಿಶೀಲಕಿ. "ನಮ್ಮ ಅರ್ಜಿಯಲ್ಲೇ ಆ ತಪ್ಪಿದೆ. ಕಮ್ಮಿ ಮಾಡಿದ್ದನ್ನ ಅಳೀತೀವಿ. ಮೊದಲಿಂದ ಕಮ್ಮಿ ಇದ್ದೋರನ್ನ ಏನು ಮಾಡೋದು ಅಂತ ಯಾರೂ ಯೋಚಿಸಿಲ್ಲ."

"ನಲವತ್ತು ವರ್ಷ ಮೊಳೆ ಕಿತ್ತು, ನೆಟ್ಟಗೆ ಮಾಡಿ, ಮತ್ತೆ ಹೊಡೆದಿದ್ದೀವಮ್ಮಾ. ಅಪ್ಪ, ಆಮೇಲೆ ನಾನು. ಅದಕ್ಕೆ ನಿಮ್ಮ ಕಾಗದದಲ್ಲಿ ಒಂದು ಸಾಲಿಲ್ವಾ?"

ಪರಿಶೀಲಕಿ ಕಡತ ತೆರೆದು, ರಂಗಮಂದಿರದಿಂದ ಬಂದಿದ್ದ ಒಂದು ಪಟ್ಟಿಯನ್ನು ಅವಳ ಕಡೆ ತಿರುಗಿಸಿದಳು. "ಆದ್ರೆ ಇದು ಸುಳ್ಳಾಗಿದ್ರೆ ನಾನು ತಡೀಬಹುದು. ಎಲ್ಲ ಹುಳ ಹಿಡಿದು ಹಾಳಾಗಿದೆ, ದುರಸ್ತಿ ಸಾಧ್ಯವಿಲ್ಲ ಅಂತ ಬರೆದಿದ್ದಾರೆ. ಸುಳ್ಳು ಅಂತ ನೀವು ಬರೆದು ಸಹಿ ಮಾಡ್ಬೇಕು. ಸಹಿ ಹಾಕಿದೋರನ್ನೂ ಕರೆಸಿ ವಿಚಾರಿಸ್ತೀವಿ."

ಪಟ್ಟಿಯ ಕೆಳಗಿನ ಸಹಿಗೆ ಉದ್ದ ಬಾಲವಿತ್ತು. ಪರದೆಗಳ ಮೂಲೆಯಲ್ಲಿ ಅದೇ ಬಾಲವನ್ನು ಅವಳು ಸಾವಿರ ಸಲ ನೋಡಿದ್ದಳು. ರಂಗಮಂದಿರದ ಚಿತ್ರಗಾರ, ಅವಳ ಒಡಹುಟ್ಟಿದ ತಮ್ಮ.

"ಯೋಚನೆ ಮಾಡಿ ಬರ್ತೀನಿ," ಎಂದು ಅವಳು ಎದ್ದಳು.

ಅಂದು ಸಂಜೆ ತಮ್ಮನ ಮನೆಯಲ್ಲಿ ನಾದಿನಿ ಕಾಫಿ ಇಟ್ಟಳು. ಅವಳು ಮುಟ್ಟಲಿಲ್ಲ.

"ಹುಳ ಎಲ್ಲಿದೆಯೋ? ತೋರಿಸು ನಂಗೆ."

ತಮ್ಮ ಮೊದಲು ನಕ್ಕ. ಎಂಥ ಇಕ್ಕಟ್ಟನ್ನೂ ತಮಾಷೆ ಮಾಡಿ ದಾಟುವವನು ಅವನು. "ನನ್ನ ತಲೆಯಲ್ಲಿ," ಎಂದ. ಅವಳು ನಗದಿದ್ದಾಗ ಅವನ ಮುಖವೂ ಇಳಿಯಿತು. "ಹದಿನಾರು ವರ್ಷದಿಂದ ದಿನಗೂಲಿ ಅಕ್ಕಾ. ಸಹಿ ಹಾಕು, ಕಾಯಂ ಮಾಡ್ತೀನಿ ಅಂದ್ರು. ಮರ ತಾನೇ? ಮನುಷ್ಯರನ್ನೇನು ಕೊಂದಿಲ್ವಲ್ಲ."

"ಆ ಗೋಡೆಗಳಿಗೆ ಬಣ್ಣ ಹಚ್ಚಿದೋನು ನೀನೇ ಕಣೋ! ಒಂದೊಂದಕ್ಕೂ ಹತ್ತತ್ತು ಸಲ. ನಿನ್ನ ಕೈಕೆಲಸಾನೇ ಕೊಳೆತದ್ದು ಅಂತ ಬರೆದುಕೊಟ್ಟೆಯಲ್ಲೋ. ನಾಚಿಕೆ ಆಗಲ್ವಾ?"

"ನೀನು ಕಾಯಂ ಆಗಿದ್ದೀಯ. ನಾಚಿಕೆ ಪಡೋಕೆ ನಿನಗೆ ಪುರುಸೊತ್ತಿದೆ."

ಆ ಮಾತು ಎದೆಗೆ ನಾಟಿತು. ಅದು ನಿಜವೂ ಆಗಿತ್ತು. ನಾದಿನಿ ಬಾಗಿಲ ಬಳಿ ನಿಂತು, "ಅತ್ತಿಗೆ, ಇದೊಂದು ಸಲ ಬಿಟ್ಟುಬಿಡಿ," ಎಂದಳು. ಬಡಗಿ ಚಪ್ಪಲಿ ಮೆಟ್ಟಿಕೊಂಡಳು. ದಾರಿಯುದ್ದಕ್ಕೂ ಸಿಟ್ಟು ಇಳಿಯಲಿಲ್ಲ. ಅದು ತಮ್ಮನ ಮೇಲಿನದೇ ಆಗಿದ್ದರೆ ಮನೆ ಸೇರುವಷ್ಟರಲ್ಲಿ ಕರಗಿಹೋಗುತ್ತಿತ್ತು. ಒಬ್ಬನ ಹದಿನಾರು ವರ್ಷದ ಬಡತನವನ್ನು ಕೊಂಡು, ಅದರಿಂದ ಸುಳ್ಳಿಗೆ ಸಹಿ ಹಾಕಿಸಿಕೊಂಡು, ಮೇಲೆ ಪರಿಸರದ ಹೆಸರು ಬರೆದುಕೊಳ್ಳುತ್ತಾರಲ್ಲ!

ಬೆಳಿಗ್ಗೆ ಅವಳು ಮತ್ತೆ ನಾಲ್ಕನೇ ಮಹಡಿ ಹತ್ತಿದಳು. ಎಲ್ಲವನ್ನೂ ಬರೆದಳು. ತಮ್ಮನಿಗೆ ಕಾಯಂ ಕೆಲಸದ ಆಸೆ ತೋರಿಸಿ ಸಹಿ ಹಾಕಿಸಿಕೊಂಡರು ಎಂಬುದನ್ನೂ ಬರೆದು, ಕೆಳಗೆ ತನ್ನ ಹೆಸರು ಹಾಕಿದಳು.

ಪರಿಶೀಲಕಿ ಅದೇ ಮಧ್ಯಾಹ್ನ ಬಂದು, ಉಳಿದ ಬಾಗಿಲುಗಳನ್ನು ತಟ್ಟಿ ನೋಡಿದಳು, ಸೋಪಾನವನ್ನು ಹತ್ತಿ ಇಳಿದಳು. ಅರ್ಜಿ ತಿರಸ್ಕೃತವಾಯಿತು. ಎರಡು ಲೋಡು ಉಳಿಯಿತು, ಹೋದದ್ದು ಹೋಯಿತು. ಮ್ಯಾನೇಜರಿಗೆ ಆಡಳಿತ ಮಂಡಳಿಯಿಂದ ಒಂದು ಎಚ್ಚರಿಕೆ ಪತ್ರ ಬಂತು, ಕುರ್ಚಿ ಹಾಗೇ ಉಳಿಯಿತು. ಅವನು ಈಗಲೂ ಅವಳಿಗೆ ನಮಸ್ಕಾರ ಹೇಳುತ್ತಿದ್ದ, ಮುಖ ನೋಡುತ್ತಿರಲಿಲ್ಲ. ತಮ್ಮನ ಕಾಯಂ ಮಾತು ಅಲ್ಲಿಗೇ ನಿಂತಿತು. ದಿನಗೂಲಿಯಾದರೂ ಉಳಿದದ್ದು, ಆಸೆ ತೋರಿಸಿದ ಸಂಗತಿ ಕಾಗದದ ಮೇಲಿದ್ದುದರಿಂದ.

ತಮ್ಮ ಮಾತು ಬಿಟ್ಟ. ಒಂದೇ ಕಾರ್ಯಾಗಾರದ ಎರಡು ತುದಿಗಳಲ್ಲಿ ಇಬ್ಬರೂ ಕೆಲಸ ಮಾಡಿದರು. ಊಟದ ಹೊತ್ತಿಗೆ ಅವನು ಬುತ್ತಿ ಹಿಡಿದು ಅಂಗಳಕ್ಕೆ ಹೋಗುತ್ತಿದ್ದ. ಹತ್ತು ದಿನ ಕಳೆಯಿತು.

ಹನ್ನೊಂದನೆಯ ದಿನ ಹೊಸ ನಾಟಕದ ಚಾವಣಿಗೆ ಒಂದು ಹಳೆಯ ತೊಲೆ ಬೇಕಾಯಿತು. ಹದಿನಾರು ಅಡಿ ಉದ್ದದ್ದು. ಅವಳು ಒಂದು ತುದಿ ಎತ್ತಿ ಹೆಗಲಿಗೆ ಇಟ್ಟುಕೊಂಡಳು. ಇನ್ನೊಂದು ತುದಿ ನೆಲದ ಮೇಲೇ ಇತ್ತು. ಕರೆಯಬೇಕೆನ್ನಿಸಿತು, ಕರೆಯಲಿಲ್ಲ. ನೆಲಕ್ಕೆ ತರಚುತ್ತ ಎರಡು ಹೆಜ್ಜೆ ಎಳೆದಳು.

ತಟ್ಟನೆ ಭಾರ ಕಡಿಮೆಯಾಯಿತು. ಅವಳು ಹಿಂದಿರುಗಿ ನೋಡಲಿಲ್ಲ. ಬಣ್ಣದ ವಾಸನೆ ಬಂತು.

"ಬಲಕ್ಕೆ," ಎಂದ ಹಿಂದಿನವನು. "ಬಾಗಿಲು ತಾಗುತ್ತೆ."

ಅವಳು ಬಲಕ್ಕೆ ಸರಿದಳು.